ನೂರೆಂಬತ್ತನೇ ದಿನ

ಬಾಕ್ಸಿಂಗ್ ಮಂಡಳಿಯ ನಿಯಮ ಸ್ಪಷ್ಟವಾಗಿತ್ತು: ಪಟ್ಟಿಯ ಮೊದಲ ಸ್ಥಾನದಲ್ಲಿ ಸತತ ನೂರೆಂಬತ್ತು ದಿನ ಇದ್ದವರಿಗೆ ಚಾಂಪಿಯನ್ ಎದುರು ಪ್ರಶಸ್ತಿ ಪಂದ್ಯ ಕೊಡಲೇಬೇಕು.

ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಬೆಡ್‌ಶೀಟು ಎತ್ತಿಹಾಕುವ, ಬಾಕ್ಸರುಗಳೆಲ್ಲ ಅಕ್ಕ ಎಂದೇ ಕರೆಯುವ ಅವಳು ಆ ಸ್ಥಾನದಲ್ಲಿ ಮೂರು ಸಲ ನೂರೆಪ್ಪತ್ತು ದಿನ ದಾಟಿದ್ದಳು. ಮೂರು ಸಲವೂ ಮಂಡಳಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಅವಳನ್ನು ಎರಡನೇ ಸ್ಥಾನಕ್ಕೆ ಇಳಿಸಿತ್ತು. ಮೊದಲ ಸಲ, ಆಡದೆ ಕುಳಿತಿದ್ದಾಳೆಂದು. ಎರಡನೇ ಸಲ ಆಡಿ ಗೆದ್ದಳು, ಸೋತವಳು ದುರ್ಬಲಳೆಂದು. ಮೂರನೇ ಸಲ ಬಲಿಷ್ಠಳನ್ನೇ ಮಲಗಿಸಿದಳು. ಕಾರಣ ಹುಡುಕುವ ತೊಂದರೆಯನ್ನೇ ಮಂಡಳಿ ತೆಗೆದುಕೊಳ್ಳಲಿಲ್ಲ.

ಈಗ ಅವಳಿಗೆ ಮೂವತ್ತೈದು ತುಂಬಲು ಐವತ್ತು ದಿನ ಬಾಕಿ. ಅಂದು ಬಾಕ್ಸಿಂಗ್ ಲೈಸೆನ್ಸ್ ಮುಗಿಯುತ್ತದೆ.

ಅವಳ ಜಾಗದಲ್ಲಿ ಮಂಡಳಿ ಕೂರಿಸಿದ್ದು, ಅಭ್ಯಾಸದ ಹೊತ್ತಿನಲ್ಲಿ ಚಾಂಪಿಯನ್‌ಳಿಂದ ದಿನಾ ಏಟು ತಿನ್ನುವ ಇಪ್ಪತ್ತೆರಡರ ಹುಡುಗಿಯನ್ನು, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೂ ಟವೆಲ್ ಎಂದೇ. ಆದರೆ ಅಧ್ಯಕ್ಷರಿಗೆ ಹಲ್ಲುನೋವು ಬಂದು, ಅವಳನ್ನೂ ಇಳಿಸಬೇಕಿದ್ದ ಸಭೆ ಮುಂದೆ ಹೋಯಿತು. ಅಷ್ಟರಲ್ಲಿ ಟವೆಲ್‌ಗೆ ನೂರೆಂಬತ್ತು ದಿನ ತುಂಬಿಬಿಟ್ಟಿತು.

ಹುಡುಗಿ ನೋಟಿಸು ಹಿಡಿದು ಲಾಂಡ್ರಿಗೇ ಓಡಿಬಂದಳು.

“ಅಕ್ಕಾ, ಹತ್ತು ದಿನದಲ್ಲಿ ಪ್ರಶಸ್ತಿ ಪಂದ್ಯಕ್ಕೆ ಸಹಿ ಹಾಕ್ಬೇಕಂತೆ! ಆ ಚಾಂಪಿಯನ್ ಅಭ್ಯಾಸದಲ್ಲೇ ಎರಡು ಸಲ ನನ್ನ ಮೂಗು ಮುರಿದಿದ್ದಾಳೆ. ಪಂದ್ಯದಲ್ಲಿ ಇನ್ನೇನು ಉಳಿಸ್ತಾಳೆ?”

“ಬೇಡ ಅಂತ ಬರೆದುಕೊಟ್ರೆ?”

“ಎರಡನೇ ಸ್ಥಾನದಲ್ಲಿರೋರಿಗೆ ಹೋಗುತ್ತಂತೆ. ಅಂದ್ರೆ ನಿಮಗೆ.”

ಅಕ್ಕನ ಕೈಯಲ್ಲಿದ್ದ ಬೆಡ್‌ಶೀಟು ಜಾರಿತು. ಲಾಂಡ್ರಿಯ ವ್ಯಾನ್ ಓಡಿಸುವ ಸೋದರಮಾವನೇ ಅವಳ ಕೋಚ್. ಅವನು ಜೇಬಿನಿಂದ ಪೆನ್ನು ತೆಗೆದು ಹುಡುಗಿಗೆ ಕೊಟ್ಟ. “ನಿಧಾನವಾಗಿ ಬರಿಯಮ್ಮ. ಒಂದು ಒತ್ತಕ್ಷರ ತಪ್ಪಿದ್ರೂ ಅವರಿಗೆ ಅದೇ ನೆಪ.”

ನಾಲ್ಕನೇ ದಿನ ಮಂಡಳಿಯಿಂದ ಕರೆ ಬಂತು. ಅಕ್ಕ ಕಚೇರಿಯ ಕಿಟಕಿಯೆದುರು ನಿಂತಳು.

“ಅಭಿನಂದನೆ ಮೇಡಂ,” ಎಂದ ಗುಮಾಸ್ತ. “ನೀವು ಮತ್ತೆ ಮೊದಲ ಸ್ಥಾನ.”

“ಪಂದ್ಯ ಯಾವತ್ತು?”

“ಆ ಅವಕಾಶ ಎರಡನೇ ಸ್ಥಾನದೋರದ್ದು. ಆ ಹುಡುಗಿ ಬಿಟ್ಟ ಜಾಗಕ್ಕೆ ನಿಮ್ಮನ್ನ ಬೆಳಿಗ್ಗೆನೇ ಏರಿಸಿದ್ವಲ್ಲ.”

“ಹಾಗಾದ್ರೆ ಎರಡನೇ ಸ್ಥಾನದಲ್ಲಿ ಯಾರಿದ್ದಾರೆ?”

“ಸದ್ಯಕ್ಕೆ ಖಾಲಿ. ಮುಂದಿನ ಸಭೆಯಲ್ಲಿ ತುಂಬ್ತಾರೆ.”

“ಮತ್ತೆ ನೂರೆಂಬತ್ತು ದಿನವಾ? ಅಷ್ಟರಲ್ಲಿ ನನ್ನ ಲೈಸೆನ್ಸೇ ಇರಲ್ಲ ಸ್ವಾಮಿ!”

ಗುಮಾಸ್ತನಿಗೆ ನಿಜಕ್ಕೂ ಪಾಪ ಅನ್ನಿಸಿತು. “ವಯಸ್ಸಿಗೆ ವಿನಾಯಿತಿ ಇದೆಯಲ್ಲ ಮೇಡಂ.”

ಅಕ್ಕ ಕಿಟಕಿಯ ಸರಳು ಹಿಡಿದುಕೊಂಡಳು. “ಯಾರಿಗೆ?”

“ಚಾಂಪಿಯನ್ ಆಗಿರೋರಿಗೆ.”

ಹೊರಗೆ ವ್ಯಾನಿನಲ್ಲಿ ಮಾವ ಎಂಜಿನ್ ನಿಲ್ಲಿಸದೇ ಕಾಯುತ್ತಿದ್ದ. ಹಿಂದೆ ಬಟ್ಟೆಗಂಟುಗಳ ನಡುವೆ ಟವೆಲ್ ಕೂತಿದ್ದಳು.

“ಏನಂದ್ರಮ್ಮಾ?”

“ನಾನೇ ನಂಬರ್ ಒನ್ ಅಂತೆ ಮಾವ.”

ಮಾವ ಎಂಜಿನ್ ಆರಿಸಿದ. ಅಕ್ಕ ಮುಂದಿನ ಸೀಟು ಬಿಟ್ಟು ಹಿಂದಕ್ಕೆ ಹತ್ತಿದಳು.

“ಸ್ವಲ್ಪ ಜರುಗೇ ಹುಡುಗಿ,” ಎಂದಳು. “ಇನ್ನು ನಲವತ್ತಾರು ದಿನ ಟವೆಲ್ ನಾನೇ.”