ಕೊನೆಯ ಗುಟುಕು

"ಏ ವಾಸ್ನೆ! ದೂರ ನಿಂತ್ಕೊಂಡು ಸಾಯೋ ಬೋಳಿಮಗನೆ! ಗಾಳಿ ಈ ಕಡೆ ಬೀಸ್ತಿರೋದು ಕಾಣಲ್ವಾ?"

ಧಣಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಹೀಗೆ ಗದರಿದಾಗ, ಮೈ ನಾತಕ್ಕೆ ಆ ಹೆಸರೇ ಅಂಟಿಕೊಂಡಿದ್ದ ವಾಸ್ನೆ ಚರ್ಮದ ಕಾರ್ಖಾನೆಯ ಸುಣ್ಣದ ತೊಟ್ಟಿಯಲ್ಲಿ ಮೊಣಕಾಲುದ್ದ ನಿಂತು, ನೆನೆದ ಚರ್ಮವೊಂದನ್ನು ಮೇಲಕ್ಕೆಳೆಯುತ್ತಿದ್ದ. ಧಣಿಯ ಜೊತೆ ಚರ್ಮ ಕೊಳ್ಳಲು ಬಂದ ದೊಡ್ಡ ಮನುಷ್ಯರೊಬ್ಬರಿದ್ದರು. ತೊಟ್ಟಿಯೊಳಗೆ ನಿಂತವನು ದೂರ ಹೋಗುವುದಾದರೂ ಎಲ್ಲಿಗೆ? ಆದರೂ ಬೈಸಿಕೊಂಡ ಮೇಲೆ ಏನಾದರೂ ಮಾಡಬೇಕಲ್ಲ ಎಂದು ಅವನು ಚರ್ಮವನ್ನು ತಬ್ಬಿಕೊಂಡೇ ತೊಟ್ಟಿಯ ಆಚೆ ಮೂಲೆಗೆ ಸರಿದ. ಅಲ್ಲಿಂದ ಗಾಳಿ ನೇರವಾಗಿ ಧಣಿಯ ಮುಖಕ್ಕೇ ಹೊಡೆಯಿತು. ಬೇಕೆಂದು ಮಾಡಿದ್ದಲ್ಲ, ಅಷ್ಟು ಬುದ್ಧಿ ಆಗ ಅವನಿಗಿರಲಿಲ್ಲ.

"ನಾಳೆ ಚರ್ಚಿಗೆ ಬರೋವಾಗಾದ್ರೂ ಮೈ ತಿಕ್ಕೊಂಡು ಬಾ, ಕತ್ತೆ."

"ಆಗ್ಲಿ ಧಣಿ."

ಮಾರನೆಯ ದಿನ ಅದೇ ಧಣಿ ಬಿಳಿ ಕೋಟು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತಿದ್ದರು. ಅವರು ಸಭೆಯ ಹಿರಿಯರು. "ಬಾ ಸಹೋದರ" ಎಂದು ಬಾಯಿ ತುಂಬ ನಕ್ಕು ಕೊನೆಯ ಬೆಂಚಿನ ತುದಿ ತೋರಿಸಿದರು. ವಾರಕ್ಕೆ ಆರು ದಿನ ಬೋಳಿಮಗ, ಒಂದು ದಿನ ಸಹೋದರ. ಹೇಗಾದರಾಗಲಿ ಸಂಬಂಧವಂತೂ ಗಟ್ಟಿಯಾಗಿದೆ ಎಂದು ವಾಸ್ನೆ ಹೋಗಿ ತುದಿಯಲ್ಲಿ ಕೂತ.

ಅವನು ಈ ಬೆಂಚಿಗೆ ಬಂದು ಹನ್ನೊಂದು ವರ್ಷ. ಆಗ ಕಾಲಿನ ಗಾಯಕ್ಕೆ ಸುಣ್ಣ ಇಳಿದು ಆಸ್ಪತ್ರೆ ಸೇರಿದ್ದ. ರೋಗಿಗಳನ್ನು ಮಾತನಾಡಿಸಲು ಬರುತ್ತಿದ್ದ ಮುದಿ ಪಾದ್ರಿಯೊಬ್ಬರು ಅವನ ಮಂಚದ ಮೇಲೇ ಕೂತು ಅವನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಅವನು ಎಳೆದುಕೊಳ್ಳಲು ನೋಡಿದ, ಅವರು ಬಿಡಲಿಲ್ಲ. "ನೀನು ದೇವರ ಮಗ ಕಣಪ್ಪ" ಅಂದರು. ವಾಸ್ನೆ ಅಲ್ಲಿಯವರೆಗೆ ಬಗೆಬಗೆಯ ಮಗ ಅನ್ನಿಸಿಕೊಂಡಿದ್ದ, ಈ ಬಗೆಯದು ಹೊಸದು. ಮುದುಕರು ಬೇರೆ ಯಾರನ್ನೋ ಹುಡುಕುತ್ತ ಬಂದಿರಬೇಕು ಅಂದುಕೊಂಡು, "ಅಯ್ಯನೋರೆ, ಅದು ಪಕ್ಕದ ಮಂಚದೋರಿರ್ಬೇಕು ನೋಡಿ. ನಾನು ಚರ್ಮ ಹೆರೆಯೋನು" ಎಂದು ಹೇಳಿಯೂ ಹೇಳಿದ. ಅವರು ನಕ್ಕು, ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಅವರು ಎದ್ದುಹೋದ ಮೇಲೆ ಅವನು ಗೋಡೆಯ ಕಡೆ ತಿರುಗಿ ಮಗುವಿನ ಹಾಗೆ ಅತ್ತ.

ಆ ಕೈಯಾದರೂ ಎಂಥದು! ಸುಣ್ಣದಲ್ಲಿ ಬೆಂದು, ತೊಗಟೆಯ ಕಷಾಯದಲ್ಲಿ ನೆನೆದು, ಮೊಣಕೈವರೆಗೆ ಕಂದು ಬಣ್ಣ ಕಚ್ಚಿಕೊಂಡಿತ್ತು. ಇಡೀ ಕಾರ್ಖಾನೆಯಲ್ಲಿ ಚೆನ್ನಾಗಿ ಹದವಾದ ಚರ್ಮವೆಂದರೆ ಅದೇ, ಮಾರಾಟಕ್ಕೆ ಮಾತ್ರ ಹೋಗಿರಲಿಲ್ಲ. ದೀಕ್ಷಾಸ್ನಾನದ ದಿನ ಹೊಳೆಯ ನೀರಿನಿಂದ ಎದ್ದವನೇ ಅವನು ಮೊದಲು ಕೈ ನೋಡಿಕೊಂಡ. ಬಣ್ಣ ಹಾಗೇ ಇತ್ತು. "ಅಯ್ಯನೋರೆ, ಇನ್ನೊಂದೆರಡು ಸಲ ಮುಳುಗಿಸಿ. ಸರಿಯಾಗಿ ನೆಂದಿಲ್ಲ" ಎಂದು ಬೇಡಿಕೊಂಡ. ಒಂದೇ ಮುಳುಗಿಗೆ ಯಾವ ಚರ್ಮವೂ ಹದಕ್ಕೆ ಬರುವುದಿಲ್ಲ ಎಂಬುದು ಕಸುಬಿನವನಿಗೆ ಗೊತ್ತಿರುವ ಮಾತು. ದಡದಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಕಥೆಯನ್ನು ಅವನೇ ಎಲ್ಲರಿಗೂ ಹೇಳಿ ನಗಿಸುತ್ತಿದ್ದ.

ತಿಂಗಳ ಮೊದಲ ಭಾನುವಾರ ಪ್ರಭುವಿನ ಭೋಜನ. ಆ ಚರ್ಚಿನಲ್ಲಿ ಎಲ್ಲರಿಗೂ ಒಂದೇ ಬಟ್ಟಲು. ಮುಂದೆ ಸಾಲಾಗಿ ಮಂಡಿಯೂರಿ, ರೊಟ್ಟಿಯ ಚೂರು ತಿಂದು, ದ್ರಾಕ್ಷಾರಸ ಒಂದು ಗುಟುಕು ಕುಡಿದು, ಪಕ್ಕದವರ ಕೈಗೆ ಬಟ್ಟಲು ಕೊಡುತ್ತ "ನಿನಗಾಗಿ" ಅನ್ನಬೇಕು. ಸಾಲಿನ ಮೊದಲಿಗೆ ಧಣಿ, ಕೊನೆಗೆ ವಾಸ್ನೆ. ಹೀಗೆಂದು ಯಾರೂ ಬರೆದಿಟ್ಟಿರಲಿಲ್ಲ. ಧಣಿ ಕಣ್ಣಿನಲ್ಲೇ ಜಾಗ ತೋರಿಸುತ್ತಿದ್ದರು. ವಾಸ್ನೆಗೆ ಅದೊಂದು ಹೆಮ್ಮೆ. ತಳದಲ್ಲಿ ಉಳಿದದ್ದೆಲ್ಲ ಅವನ ಪಾಲು. "ಅವರಿಗೆಲ್ಲ ಒಂದೇ ಗುಟುಕು, ನಂಗೆ ಮೂರು! ದೇವರಿಗೆ ನನ್ ಮೇಲೆ ಪ್ರೀತಿ ಜಾಸ್ತಿ ಕಣೆ" ಎಂದು ಹೆಂಡತಿಯ ಮುಂದೆ ಮೀಸೆ ತಿರುವುತ್ತಿದ್ದ. ಹೆಂಡತಿ ಅದೇ ಕಾರ್ಖಾನೆಯಲ್ಲಿ ಚರ್ಮದಿಂದ ಉದುರಿದ ಕೂದಲು ಗುಡಿಸುವವಳು. ಚರ್ಚಿನ ಮೆಟ್ಟಿಲು ಹತ್ತಿದವಳಲ್ಲ. ಅವಳು ಒಲೆ ಊದುತ್ತಿದ್ದಳು.

ಒಂದೇ ಕೊರತೆಯೆಂದರೆ, "ನಿನಗಾಗಿ" ಅನ್ನಲು ಅವನ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಆ ಮಾತು ಹೇಳಬೇಕೆಂಬ ಆಸೆ ಅವನಿಗೆ ವಿಪರೀತ ಇತ್ತು. ಕಾರ್ಖಾನೆಯಲ್ಲಿ ಯಾರೂ ನೋಡದಾಗ ಕುರಿ ಚರ್ಮಗಳನ್ನು ತೊಟ್ಟಿಗೆ ಇಳಿಸುತ್ತ ಒಂದೊಂದಕ್ಕೂ "ನಿನಗಾಗಿ" ಅನ್ನುತ್ತಿದ್ದ.

ಧಣಿ ಬಾಗಿಲಲ್ಲಿ ನಿಂತು ಸ್ವಾಗತಿಸಿದ ಆ ಭಾನುವಾರವೂ ಪ್ರಭುವಿನ ಭೋಜನವಿತ್ತು. ಧಣಿಯ ಹೊಸ ಸೊಸೆ ತಡವಾಗಿ ಬಂದಳು. ಬೇರೆ ಊರಿನಿಂದ ಬಂದವಳು. ಇಲ್ಲಿಯ ಕಣ್ಣಿನ ಭಾಷೆ ಅವಳಿಗೆ ತಿಳಿಯದು. ಸಾಲಿನ ಕೊನೆಯಲ್ಲಿ ಖಾಲಿ ಜಾಗ ಕಂಡು ಬಂದು ಮಂಡಿಯೂರಿದಳು, ವಾಸ್ನೆಯ ಪಕ್ಕದಲ್ಲೇ!

ಬಟ್ಟಲು ಬಂತು. ಪಾಪ, ಹುಡುಗಿಗೆ ಇರಲಿ ಎಂದು ತುಟಿ ಸೋಕುವಷ್ಟೇ ಕುಡಿದ. ಅವಳ ಕಡೆ ತಿರುಗಿ, ಎರಡೂ ಕೈಯಲ್ಲಿ ಬಟ್ಟಲು ಚಾಚಿ, "ನಿನ..." ಅಂದ.

"ಏಯ್! ಅವಳಿಗೆ ಬೇಡ!" ಧಣಿ ಎದ್ದು ಬಂದು ಬಟ್ಟಲನ್ನು ಕಿತ್ತುಕೊಂಡು ಎಳೆಯ ಪಾದ್ರಿಯ ಕೈಗೆ ತುರುಕಿದರು. "ತೊಳ್ಕೊಂಡು ಬನ್ನಿ. ಸೋಪು ಹಾಕಿ ತೊಳೀರಿ."

ಪಾದ್ರಿ ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು, ಉಜ್ಜಿದ ಸದ್ದು, ಮತ್ತೆ ನಲ್ಲಿ ಬಿಟ್ಟ ಸದ್ದು ಇಡೀ ಚರ್ಚಿಗೆ ಕೇಳಿಸಿತು. ಸೊಸೆ ತಲೆ ತಗ್ಗಿಸಿದಳು. ವಾಸ್ನೆ ಉಳಿದರ್ಧ ಮಾತನ್ನು ಬಾಯಲ್ಲಿಟ್ಟುಕೊಂಡು, ಚಾಚಿದ ಕೈ ಚಾಚಿದಂತೆಯೇ ಕೂತಿದ್ದ. ಹನ್ನೊಂದು ವರ್ಷದ ಹೆಮ್ಮೆ ಆ ನಲ್ಲಿಯ ನೀರಿನ ಜೊತೆ ಮೋರಿಗೆ ಹೋಯಿತು. ಊರಿನವರೆಲ್ಲರ ಎಂಜಲನ್ನು ಅವನು ದೇವರ ಪ್ರೀತಿಯೆಂದು ಕುಡಿದಿದ್ದ. ಅವನ ಎಂಜಲಿಗೆ ಸೋಪು ಬೇಕಾಗಿತ್ತು. ತನ್ನಂಥ ದಡ್ಡ ಶಿಖಾಮಣಿ ಇನ್ನೊಬ್ಬನಿರಲಾರ ಎಂದು ಅವನಿಗೆ ನಗು ಬಂತು.

ಆರಾಧನೆ ಮುಗಿದ ಮೇಲೆ ಪಾದ್ರಿ ಅವನನ್ನು ಕೋಣೆಗೆ ಕರೆದರು. ಆಸ್ಪತ್ರೆಯ ಮುದುಕರು ತೀರಿಕೊಂಡ ಮೇಲೆ ಬಂದವರು ಇವರು.

"ಮನಸ್ಸಿಗೆ ಹಚ್ಕೋಬೇಡ ಸಹೋದರ. ಅವರು ದೊಡ್ಡೋರು, ಚರ್ಚಿನ ಛಾವಣಿ ಹಾಕಿಸ್ಕೊಟ್ಟೋರು. ನೀನೇ ಸ್ವಲ್ಪ ತಗ್ಗಿ ನಡಿ. ಒಂದು ಸಂತೋಷದ ವಿಷಯ ಇದೆ. ಇನ್ಮೇಲೆ ನಿನಗೇ ಅಂತ ಬೇರೆ ಬಟ್ಟಲು. ಅವರೇ ಮಾಡಿಸ್ಕೊಡ್ತಾರಂತೆ, ಬೆಳ್ಳೀದು!"

ನಿಜ ಹೇಳಬೇಕೆಂದರೆ, ಅರ್ಧ ಬೀದಿ ನಡೆಯುವವರೆಗೆ ವಾಸ್ನೆಗೆ ಖುಷಿಯೇ ಆಗಿತ್ತು. ಮನೆಯಲ್ಲಿ ಬೆಳ್ಳಿಯದೊಂದು ಚೂರೂ ಇಲ್ಲ. ಬಾಗಿಲು ದಾಟುತ್ತಲೇ ಹೆಂಡತಿಗೆ ಎಲ್ಲವನ್ನೂ ಹೇಳಿ, ಕೊನೆಗೆ "ಬೆಳ್ಳೀದಂತೆ ಕಣೆ" ಅಂದ.

"ದುಡ್ಡಿದ್ದೋರು ನಾಯಿ ತಟ್ಟೇನೂ ಬೆಳ್ಳೀಲಿ ಮಾಡಿಸ್ತಾರೆ" ಅಂದಳು ಅವಳು. "ಕುಣಿದಾಡು ಹೋಗು, ಮುಠ್ಠಾಳ."

ಅವನು ಗೋಡೆಗೊರಗಿ ಕುಸಿದು ಕೂತ. "ಹಂಗಾದ್ರೆ ನಾನ್ಯಾರೆ?" ಎಂದು ಕೇಳಿದ.

"ನನ್ನೇನು ಕೇಳ್ತೀಯ? ಆಸ್ಪತ್ರೇಲಿ ಕೈ ಹಿಡ್ಕೊಂಡು ಆ ಅಜ್ಜ ಹೇಳ್ಲಿಲ್ವಾ? ಹನ್ನೊಂದು ವರ್ಷದಿಂದ ಅದನ್ನೇ ಹೇಳ್ಹೇಳಿ ನನ್ ತಲೆ ತಿಂದಿದ್ದೀಯ. ಒಂದೋ ಅವರು ಹೇಳಿದ್ದು ಸುಳ್ಳು, ಇಲ್ಲ ಇವರು ಮಾಡಿದ್ದು ಸುಳ್ಳು. ಯಾವುದು ಅಂತ ನೀನೇ ನೋಡ್ಕೋ."

ಅವನು ಒಂದು ತಿಂಗಳು ನೋಡಿಕೊಂಡ. ತೊಟ್ಟಿಯಲ್ಲಿ ನಿಂತು, ಚರ್ಮ ಹೆರೆಯುತ್ತ, ಬೈಸಿಕೊಳ್ಳುತ್ತ ನೋಡಿಕೊಂಡ. ಮುದುಕರ ಕೈಯ ಬಿಸಿ ಇನ್ನೂ ಕೈಯಲ್ಲಿತ್ತು. ಅದು ಸುಳ್ಳೆಂದು ಎಷ್ಟು ಪ್ರಯತ್ನಪಟ್ಟರೂ ಅನ್ನಿಸಲಿಲ್ಲ. ಪ್ರತಿ ಶನಿವಾರ ಸಂಜೆ ಇಟ್ಟಿಗೆ ಪುಡಿಯಲ್ಲಿ ಕೈ ಉಜ್ಜಿ ಉಜ್ಜಿ ರಕ್ತ ಬರಿಸಿಕೊಳ್ಳುತ್ತಿದ್ದವನು, ಮುಂದಿನ ಪ್ರಭುವಿನ ಭೋಜನದ ಹಿಂದಿನ ಶನಿವಾರ ಬರೀ ನೀರಲ್ಲಿ ತೊಳೆದು ಸುಮ್ಮನಾದ. ಹೆಂಡತಿ ಅದನ್ನು ನೋಡಿದಳು. ಬೆಳಗ್ಗೆ ಅವನು ಹೊರಟಾಗ ತಾನೂ ಸೆರಗು ಸರಿ ಮಾಡಿಕೊಂಡು ಹಿಂದೆಯೇ ಬಂದು ಚರ್ಚಿನ ಬಾಗಿಲಲ್ಲಿ ನಿಂತಳು.

ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವ ಟೀಚರಮ್ಮ ಕೀರ್ತನೆ ಎತ್ತಿಕೊಂಡರು. ಮುಂದೆ ಮೇಜಿನ ಮೇಲೆ ಎಂದಿನ ಬಟ್ಟಲು, ಅದರ ಪಕ್ಕದಲ್ಲಿ ಹೊಸ ಬೆಳ್ಳಿಯದು ಫಳಫಳ ಹೊಳೆಯುತ್ತಿತ್ತು. ವಾಸ್ನೆ ಕೊನೆಯ ಬೆಂಚಿನಿಂದ ಎದ್ದ. ಧೀರನ ಹಾಗೆ ನಡೆಯಬೇಕೆಂದು ಮನೆಯಲ್ಲಿ ಲೆಕ್ಕ ಹಾಕಿದ್ದ. ಆದರೆ ಮುಂದಿನ ಜಮಖಾನೆಗೆ ಕಾಲು ತೊಡರಿ ಮುಗ್ಗರಿಸಿದ. ಹೇಗೋ ಸಾವರಿಸಿಕೊಂಡು ಸಾಲಿನ ಮೊದಲ ಜಾಗದಲ್ಲಿ ಮಂಡಿಯೂರಿದ.

"ಏಯ್, ಅದು ನನ್ ಜಾಗ" ಎಂದು ಹಿಂದಿನಿಂದ ಧಣಿ ಪಿಸುಗುಟ್ಟಿದರು.

"ಪಕ್ಕದಲ್ಲಿ ಖಾಲಿ ಇದೆ."

ಇಡೀ ಸಭೆ ನೋಡುತ್ತಿತ್ತು. ಧಣಿ ಹಲ್ಲು ಕಚ್ಚಿ ಪಕ್ಕದಲ್ಲಿ ಮಂಡಿಯೂರಿದರು. ಪಾದ್ರಿ ತಡವರಿಸಿ ಬೆಳ್ಳಿ ಬಟ್ಟಲಿಗೆ ಕೈ ಹಾಕಿದರು. ವಾಸ್ನೆ ತಲೆ ಅಲ್ಲಾಡಿಸಿದ. ಅವರು ಎಲ್ಲರ ಬಟ್ಟಲನ್ನೆತ್ತಿ ಧಣಿಯ ಕಡೆ ಚಾಚಿದರು. ವಾಸ್ನೆ ನಡುವೆ ಕೈ ಹಾಕಿ ಅದನ್ನು ತೆಗೆದುಕೊಂಡ. ತೊಟ್ಟಿಯಿಂದ ಒದ್ದೆ ಚರ್ಮ ಎಳೆಯುವ ಕೈಯ ಮುಂದೆ ಪಾದ್ರಿಯ ಹಿಡಿತ ನಿಲ್ಲಲಿಲ್ಲ.

ಒಂದೇ ಗುಟುಕು ಕುಡಿದ. ಮೂಗಿಗೆ ದ್ರಾಕ್ಷಿಯ ಪರಿಮಳ ಬಂತು, ನಾಲಿಗೆಗೆ ತಿಳಿಯಾದ ಸಿಹಿ. ರೊಟ್ಟಿಯ ಚೂರಿಲ್ಲ, ಜೊಲ್ಲಿನ ಲೋಳೆಯಿಲ್ಲ. ಅಯ್ಯೋ, ಇದರ ರುಚಿ ಹೀಗಿರುತ್ತದೆಯೇ! ಹನ್ನೊಂದು ವರ್ಷ ಭಕ್ತಿಯಿಂದ ಬೇರೇನನ್ನೋ ಕುಡಿದ ತನ್ನ ಪೆದ್ದುತನಕ್ಕೆ ಅವನಿಗೆ ಅಲ್ಲೇ ಮತ್ತೊಮ್ಮೆ ನಗು ಬಂತು. ಕಣ್ಣೂ ತುಂಬಿತು.

ಅವನು ಪಕ್ಕಕ್ಕೆ ತಿರುಗಿ ಬಟ್ಟಲು ಚಾಚಿದ. ಬಟ್ಟಲಿನ ಸುತ್ತ ಹತ್ತು ಕಂದು ಬೆರಳುಗಳಿದ್ದವು.

"ಬೋಳಿಮಗನೆ," ಧಣಿಯ ತುಟಿ ಅಲುಗಲಿಲ್ಲ, ಮಾತು ಮಾತ್ರ ಬಂತು. "ನಾಳೆ ಫ್ಯಾಕ್ಟ್ರಿ ಕಡೆ ತಲೆ ಹಾಕಿದ್ರೆ ಕಾಲು ಮುರಿಸ್ತೀನಿ. ನಿನ್ ಹೆಂಡ್ತೀದೂ."

"ಅದು ನಾಳೆ ಮಾತು" ಎಂದ ವಾಸ್ನೆ. "ಇವತ್ತು ಭಾನ್ವಾರ. ತಗೋ."

ಟೀಚರಮ್ಮನಿಗೆ ಕೀರ್ತನೆಯ ಚರಣಗಳೆಲ್ಲ ಮುಗಿದುಹೋಗಿ, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಮೊದಲನೆಯದನ್ನೇ ಎತ್ತಿಕೊಂಡರು. ಯಾರೂ ಜೊತೆಗೆ ಹಾಡಲಿಲ್ಲ. ಸಾಲಿನುದ್ದಕ್ಕೂ ಮಂಡಿಯೂರಿದವರು ಕತ್ತು ಹೊರಳಿಸಿ ನೋಡುತ್ತಿದ್ದರು. ಧಣಿಯ ಕೈಗಳು ತೊಡೆಯ ಮೇಲಿಂದ ಮೇಲೇಳಲಿಲ್ಲ. ವಾಸ್ನೆಯ ಕೈ ಇಳಿಯಲಿಲ್ಲ. ನೆನೆದ ಚರ್ಮದ ಭಾರ ಹೊತ್ತು ನಿಂತು ಅಭ್ಯಾಸವಾದ ತೋಳು ಅದು, ಎಷ್ಟು ಹೊತ್ತು ಬೇಕಾದರೂ ಹೀಗೇ ಇರಬಲ್ಲದು.

ಅವನು ಗಂಟಲು ಸರಿಮಾಡಿಕೊಂಡು, ಬಾಗಿಲಲ್ಲಿ ನಿಂತ ಹೆಂಡತಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ:

"ನಿನಗಾಗಿ, ಸಹೋದರ."