ಮುಂದೆ ಹೋಗುತ್ತಿದ್ದ ಬ್ರೆಡ್ ವ್ಯಾನು

"ಹಾರ್ನ್ ಮಾಡಬೇಡಿ," ಎಂದಳು ಡ್ರೈವಿಂಗ್ ಸ್ಕೂಲಿನ ಮೇಡಂ. "ಓವರ್‌ಟೇಕ್ ಅಂತೂ ಬೇಡವೇ ಬೇಡ. ಕಾಲು ಸಡಿಲ ಬಿಡಿ. ಅವನು ಮುಂದೆ ಹೋಗಲಿ."

ಸ್ಟೀರಿಂಗ್ ಹಿಡಿದಿದ್ದ ಟೈಲರಮ್ಮನಿಗೆ ಅದು ಒಂಬತ್ತನೆಯ ಪಾಠ. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಕಾಲು ಆಕ್ಸಿಲರೇಟರನ್ನೂ ಹಾಗೇ ತುಳಿಯುತ್ತಿತ್ತು. "ಇದು ಬಟ್ಟೆಯಲ್ಲ, ರಸ್ತೆ" ಎಂದು ಮೇಡಂ ರೇಗಿಸಿದರೆ, "ಬಟ್ಟೆಯಾಗಿದ್ರೆ ಬಿಚ್ಚಿ ಹೊಲೀಬಹುದಿತ್ತು" ಎಂದು ಆಕೆ ನಗುತ್ತಿದ್ದಳು. ಇವತ್ತು ನಗಲಿಲ್ಲ.

ಮುಂದಿನ ಬಿಳಿ ವ್ಯಾನು ರಸ್ತೆಯ ನಡುಗೆರೆಯ ಮೇಲೇ ಹೋಗುತ್ತಿತ್ತು. ಎದುರಿಗೆ ಯಾರೂ ಇಲ್ಲದಾಗ ಗಕ್ಕನೆ ಬ್ರೇಕ್ ಹಾಕಿತು. ಸಿಗ್ನಲ್ ಹಸಿರಾದರೂ ಅಲ್ಲಾಡದೆ ನಿಂತು, ಆಮೇಲೆ ನೆನಪಾದಂತೆ ಒಮ್ಮೆಲೇ ಹಾರಿತು.

"ನಿದ್ದೆ ಬಂದಿದ್ಯಾ ಅವನಿಗೆ?"

"ಕುಡಿದಿದಾನೆ. ಬೆಳಗ್ಗೆ ಹತ್ತೂವರೆ ಅಂತ ಮೋಸಹೋಗಬೇಡಿ. ತಿರುವಲ್ಲಿ ಎಷ್ಟು ಅಗಲಕ್ಕೆ ಹೋದ ನೋಡಿದ್ರಲ್ಲ? ಇಂಥವರ ಪಕ್ಕಕ್ಕೂ ಹೋಗಬಾರದು, ಬೆನ್ನಿಗೂ ಅಂಟಬಾರದು. ಗಾಡಿ ಎಡಕ್ಕೆ ಹಾಕಿ ನಿಲ್ಲಿಸಿ. ನಂಬರ್ ಓದಿ, ಪೊಲೀಸಿಗೆ ಹೇಳೋಣ."

ಟೈಲರಮ್ಮ ಕಾರು ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನಂಬರನ್ನು ಒಂದೊಂದಾಗಿ ಓದತೊಡಗಿದಳು. ಕೊನೆಯ ಎರಡು ಅಂಕಿಗಳನ್ನು ಆಕೆ ಹೇಳುವ ಮೊದಲೇ ಮೇಡಂಗೆ ಅವು ಗೊತ್ತಾಗಿದ್ದವು. ಅದು ಬೇಕರಿಯ ವ್ಯಾನು. ಓಡಿಸುತ್ತಿದ್ದವನು ಅಲ್ಲಿ ಡ್ರೈವರಾಗಿದ್ದ ಮೇಡಂನ ಅಣ್ಣ.

ಗಂಡ ಬಿಟ್ಟುಹೋದಾಗ ಅವಳ ಮಗಳಿಗೆ ಎರಡು ವರ್ಷ. ಮನೆಯವರೆಲ್ಲ ತಲೆಗೊಂದು ಮಾತಾಡುತ್ತಿದ್ದ ಆ ದಿನಗಳಲ್ಲಿ ಅಣ್ಣ ಮಾತ್ರ ಭಾನುವಾರಗಳಂದು ಬೇಕರಿಯ ಹಳೆಯ ವ್ಯಾನು ತಂದು ಅವಳನ್ನು ಖಾಲಿ ಮೈದಾನಕ್ಕೆ ಕರೆದೊಯ್ದು ಓಡಿಸಲು ಕಲಿಸಿದ್ದ. "ಕೈಯಲ್ಲಿ ಒಂದು ಕೆಲಸ ಇರಲಿ ಪುಟ್ಟಿ. ಆಮೇಲೆ ಯಾರ ಮಾತೂ ಮೈಗೆ ಹತ್ತಲ್ಲ" ಎಂದಿದ್ದ. ಕುಡಿತ ಶುರುವಾಗಿ ಈಗ ಮೂರು ವರ್ಷ. ಮೊದಲು ಕೆಲಸ ಮುಗಿದ ಮೇಲೆ, ಆಮೇಲೆ ಊಟಕ್ಕೆ ಮುಂಚೆ. ಅಣ್ಣನಿಗೆ ಜ್ವರ ಎಂದು ಬೇಕರಿಗೆ ಎರಡು ಸಲ ಸುಳ್ಳು ಹೇಳಿದವಳು ಅವಳೇ.

ಅವಳು ಪೊಲೀಸಿಗೆ ಫೋನ್ ಮಾಡಲಿಲ್ಲ. ಅಣ್ಣನಿಗೆ ಮಾಡಿದಳು. ಪಕ್ಕಕ್ಕೆ ನಿಲ್ಲಿಸು ಎಂದರೆ ಸಾಕು, ತಾನೇ ಹೋಗಿ ಮನೆಗೆ ಬಿಟ್ಟು ಬರಬಹುದು, ಯಾರಿಗೂ ತಿಳಿಯುವುದಿಲ್ಲ ಅಂದುಕೊಂಡಳು.

ಆ ಕಡೆ ರಿಂಗಾಯಿತು. ಅಣ್ಣ ಫೋನಿಗೆ ತಡಕಾಡಿದ್ದಿರಬೇಕು, ದೂರದಲ್ಲಿ ವ್ಯಾನು ಒಮ್ಮೆಲೇ ಎಡಕ್ಕೆ ವಾಲಿತು. ಅಂಚಿನಲ್ಲಿ ಹೋಗುತ್ತಿದ್ದ ಸೈಕಲ್ಲಿನ ಮುದುಕ ಸೈಕಲ್ಲು ಸಮೇತ ಚರಂಡಿಗೆ ಬಿದ್ದ. ವ್ಯಾನು ನಿಲ್ಲದೆ ಹೋಯಿತು.

ಕೆಂಡ ಮುಟ್ಟಿದವಳಂತೆ ಅವಳು ಫೋನ್ ಕಟ್ ಮಾಡಿದಳು. ಮುದುಕ ಎದ್ದು ಮೊಣಕೈ ನೋಡಿಕೊಳ್ಳುತ್ತಿದ್ದ. ರಸ್ತೆ ಇನ್ನೂ ಮುಂದಕ್ಕೆ ಹೋದರೆ ಶಾಲೆ. ಇಷ್ಟು ಹೊತ್ತಿಗೆ ಮಕ್ಕಳನ್ನು ಆಟಕ್ಕೆ ಬಿಟ್ಟಿರುತ್ತಾರೆ.

"ಮೇಡಂ, ಯಾರು ಅವರು?" ಎಂದಳು ಟೈಲರಮ್ಮ.

ಮೇಡಂ ಪೊಲೀಸಿಗೆ ಫೋನ್ ಹಚ್ಚಿ, ಬಣ್ಣ, ನಂಬರ್, ಯಾವ ಕಡೆಗೆ ಹೋಯಿತೆಂಬುದನ್ನು ಪಾಠ ಒಪ್ಪಿಸಿದಂತೆ ಹೇಳಿದಳು. ಆ ಕಡೆಯವರು ಫೋನ್ ಮಾಡಿದವರ ಹೆಸರು ಕೇಳಿದರು. ಕೊಟ್ಟಳು. ಆಮೇಲೆ ಟೈಲರಮ್ಮನಿಗೆ, "ನಮ್ಮಣ್ಣ," ಎಂದಳು.

ಶಾಲೆ ಸಿಗುವ ಮೊದಲಿನ ವೃತ್ತದಲ್ಲೇ ಪೊಲೀಸರು ವ್ಯಾನನ್ನು ತಡೆದಿದ್ದರು. ಇವರು ಹೋಗುವಷ್ಟರಲ್ಲಿ ಅಣ್ಣ ರಸ್ತೆಬದಿಯ ಕಟ್ಟೆಯ ಮೇಲೆ ಕುಳಿತಿದ್ದ. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು.

"ಬಂದ್ಯಾ ಪುಟ್ಟಿ? ಸ್ವಲ್ಪ ಹೇಳು ಇವರಿಗೆ. ಯಾರೋ ಪುಣ್ಯಾತ್ಮ ಫೋನ್ ಮಾಡಿದಾನಂತೆ."

ಸುಮ್ಮನಿದ್ದರೆ ಅವನಿಗೆಂದೂ ತಿಳಿಯುತ್ತಿರಲಿಲ್ಲ. "ನಾನೇ ಮಾಡಿದ್ದು," ಎಂದಳು.

ಬೈಯುತ್ತಾನೆ ಅಂದುಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

"ಹಿಂದೆ ಬ್ರೆಡ್ ಇದೆ," ಎಂದ ಪೊಲೀಸಿನವನಿಗೆ. "ಬಾಗಿಲು ಮುಚ್ಚಿ ಸಾರ್. ಧೂಳು ಕೂರುತ್ತೆ."

ಅಣ್ಣನ ಲೈಸೆನ್ಸ್ ಹೋಯಿತು. ಅದರ ಹಿಂದೆಯೇ ಕೆಲಸವೂ ಹೋಯಿತು. "ನೀನು ಮಾಡಿದ್ದು ತಪ್ಪು ಅನ್ನಲ್ಲ ಕಣೇ," ಎಂದು ಅತ್ತಿಗೆ ಫೋನಿನಲ್ಲಿ ಹೇಳಿದಳು. "ಆದ್ರೆ ಸ್ವಲ್ಪ ದಿನ ಈ ಕಡೆ ಬರಬೇಡ."

ಎರಡು ತಿಂಗಳು ತಡೆದು, ಒಂದು ಮಧ್ಯಾಹ್ನ ಅವಳು ಹೋದಳು. ಅಣ್ಣ ಒಳಕೋಣೆಯಲ್ಲಿ ಗೋಡೆಯತ್ತ ತಿರುಗಿ ಮಲಗಿದ್ದ. ಅಡಿಗೆಮನೆಯಲ್ಲಿ ಅತ್ತಿಗೆ ದನಿ ತಗ್ಗಿಸಿ, "ಬಾಟ್ಲಿ ಮುಟ್ಟದೆ ಇಪ್ಪತ್ತು ದಿನ ಆಯ್ತು. ನಾಳೆ ಕತೆ ಗೊತ್ತಿಲ್ಲ," ಎಂದಳು.

"ಊಟ ಆಯ್ತಾ ಅಣ್ಣ?" ಎಂದು ಬಾಗಿಲಲ್ಲಿ ನಿಂತು ಕೇಳಿದಳು. ಅತ್ತಿಗೆ ಕೊಟ್ಟ ನೀರು ಕುಡಿದು, ಗೋಡೆಗೊರಗಿ ಕುಳಿತಳು.

ಸ್ವಲ್ಪ ಹೊತ್ತಿಗೆ ಅವನು ಎದ್ದ. ಅವಳ ಕಡೆ ನೋಡದೆ ನಡುಮನೆ ದಾಟಿ ಹೊಸಿಲಿಗೆ ಬಂದು ನಿಂತ. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಬಿಸಿಲಿಗೆ ಕಾಯುತ್ತಿತ್ತು. ಕಾಲ್ಬೆರಳಿನಿಂದ ಒಂದೊಂದಾಗಿ ಅದನ್ನು ನೆರಳಿಗೆ ತಳ್ಳಿ, ಬರಿಗಾಲಲ್ಲೇ ಇಳಿದು ಬೀದಿಯ ಕಡೆ ನಡೆದ.