ಸರ್ ಇನ್ನೂ ಹೇಳಿಲ್ಲ

ಗೋಡೆಯ ಟಿವಿಯಲ್ಲಿ ಡಾಕ್ಟರ್ ವಿಕಾಸರು ಬಾಯಿ ಅರ್ಧ ತೆರೆದುಕೊಂಡು ನಿಂತುಬಿಟ್ಟರು. ನೆಟ್‌ವರ್ಕ್ ಹೋಗಿತ್ತು. ಇತ್ತ ದಿಶಾಳ ಸೂಜಿ ಪೂವಪ್ಪನ ತೋಳಿನೊಳಗಿತ್ತು. ಸಿರಿಂಜಿಗೆ ರಕ್ತ ಬಂದಾಗಿತ್ತು, ತೋಳಿಗೆ ಕಟ್ಟಿದ ರಬ್ಬರ್ ಪಟ್ಟಿ ಮಾತ್ರ ಬಿಗಿದೇ ಇತ್ತು. ಹುಡುಗಿ ಡಾಕ್ಟರರ ಹಾಗೆಯೇ ಕಲ್ಲಾಗಿ ಟಿವಿ ನೋಡುತ್ತಿದ್ದಳು.

ನಳಿನಾಕ್ಷಿಗೆ ಮೈಯೆಲ್ಲ ಉರಿಯಿತು. ಮುಂಬಯಿ ಪಕ್ಕದ ಠಾಣೆಯ ಆಸ್ಪತ್ರೆಗಳಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿ ದುಡಿದವಳನ್ನು ಡೊಂಬಿವಲಿಯ ಈ ತರಬೇತಿ ಕ್ಲಾಸಿನವರು ಇಟ್ಟುಕೊಂಡದ್ದು ಪಾಸಾದವರ ಸರ್ಟಿಫಿಕೇಟಿಗೆ ಬರೀ ರುಜು ಹಾಕಲಿಕ್ಕೆ. ಕಲಿಸುವ ಘನಕಾರ್ಯ ಡಾಕ್ಟರರದು, ಅದೂ ಬೇಲಾಪುರದಲ್ಲಿ ಎಸಿ ಹಾಕಿಕೊಂಡು ಕೂತು. ಠಾಣೆಯಲ್ಲಿ ಒಮ್ಮೆ ಲೋಕಲ್ ರೈಲು ಬದಲಿಸಿದರೆ ಬಂದು ಮುಟ್ಟಬಹುದಾದ ದೂರ. ಒಬ್ಬರ ತೋಳು ಮುಟ್ಟಲು ಹೇಸುವವನು ಊರಿಗೆಲ್ಲ ಸೂಜಿ ಹಾಕುವುದನ್ನು ಕಲಿಸುತ್ತಾನಂತೆ. ದಿಶಾ ಇವತ್ತು ಪಾಸಾದರೆ ಸೋಮವಾರ ಭಿವಂಡಿಯ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮುಂದೆ ನಿಲ್ಲುತ್ತಾಳೆ.

"ಪಟ್ಟಿ ಬಿಚ್ಚು ಮಾರಾಯ್ತಿ."

"ಸರ್ ನೇ ಅಭೀ ತಕ್ ಬೋಲಾ ನಹೀ, ಸಿಸ್ಟರ್," ಎಂದಳು ದಿಶಾ, ಕಣ್ಣು ಕೀಳದೆ. ಸಿಸ್ಟರಳ ಕನ್ನಡ ಅವಳಿಗೆ ತಿಳಿಯುತ್ತಿತ್ತು, ಬಾಯಿಗೆ ಬರುವುದು ಹೆಚ್ಚಾಗಿ ಹಿಂದಿಯೇ.

ಕ್ಲಾಸಿನ ಜವಾನ ಪೂವಪ್ಪನ ಅಂಗೈ ನೀಲಿಗಟ್ಟಿತ್ತು. "ಬೆರಳು ಜೋಮು ಹಿಡೀತಾ ಉಂಟು ಸಿಸ್ಟರ್," ಎಂದ, ಅದು ತನ್ನದೇ ತಪ್ಪೆಂಬಂತೆ.

ನಳಿನಾಕ್ಷಿ ತಾನೇ ಪಟ್ಟಿ ಬಿಚ್ಚಿ, ಸೂಜಿ ತೆಗೆದು, ಹತ್ತಿ ಒತ್ತಿ ಹಿಡಿದಳು. ಅಷ್ಟರಲ್ಲಿ ಟಿವಿಗೆ ಜೀವ ಬಂತು. "ಎಕ್ಸಲೆಂಟ್, ದಿಶಾ. ಪಾಸ್. ಸಿಸ್ಟರ್, ಸೈನ್ ಕರ್ ದೀಜಿಯೇ." ಈ ಮಹಾಶಯ ಏನು ಕಂಡು ಮೆಚ್ಚಿದನೋ ದೇವರಿಗೇ ಗೊತ್ತು.

"ನಹೀ ಕರೂಂಗಿ," ಎಂದಳು ನಳಿನಾಕ್ಷಿ, ಪೆನ್ನು ಮುಟ್ಟದೆ.

"ಸಿಸ್ಟರ್, ಮ್ಯಾನೇಜ್‌ಮೆಂಟ್ ಕೋ ಮೈ ಕ್ಯಾ..."

ಅವಳು ಸ್ವಿಚ್ ಆರಿಸಿದಳು. ನಾಳೆಯಿಂದ ಈ ಕೆಲಸ ಇರುವುದಿಲ್ಲವೆಂದು ಗೊತ್ತಿತ್ತು. ಹಾಳಾಗಿ ಹೋಗಲಿ ಅನ್ನಿಸಿತು.

"ಮೇರೀ ನೌಕರಿ, ಸಿಸ್ಟರ್..." ದಿಶಾಳ ಕಣ್ಣು ತುಂಬಿತು.

"ಅಳುದು ಆಮೇಲೆ. ಇಲ್ಲಿ ಬಾ."

ಪೂವಪ್ಪ ಎದ್ದ ಕುರ್ಚಿಯಲ್ಲಿ ನಳಿನಾಕ್ಷಿ ಕೂತಳು. ಪಟ್ಟಿಯ ಒಂದು ತುದಿ ಹಲ್ಲಿನಲ್ಲಿ ಕಚ್ಚಿ ತನ್ನ ತೋಳಿಗೇ ಕಟ್ಟಿಕೊಂಡು ಕೈ ಚಾಚಿದಳು. "ಸೂಜಿ ಅಲ್ಲಿಡು. ಬೆರಳಲ್ಲಿ ನರ ಹುಡುಕು."

ಆರು ತಿಂಗಳ ತರಬೇತಿಯಲ್ಲಿ ಯಾರೂ ದಿಶಾಳಿಗೆ ಇದನ್ನು ಹೇಳಿರಲಿಲ್ಲ. ತಣ್ಣಗಿನ ಬೆರಳು ಮೊಣಕೈಯ ಮಡಿಕೆಯಲ್ಲಿ ಒತ್ತಿತು, ಸರಿಯಿತು, ಮತ್ತೆ ಒತ್ತಿತು.

"ಸಿಕ್ಕಿತಾ?"

ಹುಡುಗಿ ಹೌದೆಂದು ತಲೆಯಾಡಿಸಲು ಹೋಗಿ ತಡೆದುಕೊಂಡಳು.

"ಇಲ್ಲ, ಸಿಸ್ಟರ್."

ನಳಿನಾಕ್ಷಿ ಏನೂ ಬೈಯಲಿಲ್ಲ. ಮುಷ್ಟಿ ಇನ್ನಷ್ಟು ಬಿಗಿ ಮಾಡಿ, ಕೈಯನ್ನು ಅವಳತ್ತ ತುಸು ತಿರುಗಿಸಿ ಇಟ್ಟಳು.